ಸದಾರಮೆಯ ಕಳ್ಳನೂ ಗುಬ್ಬಿ ಮನೆತನದ ಮೊಮ್ಮಗಳೂ

ಕನ್ನಡ ವೃತ್ತಿರಂಗಭೂಮಿಯ ಹಳೆಯ ಸಂಗೀತ ನಾಟಕಗಳಲ್ಲಿ ‘ಸದಾರಮೆ’ಗೆ ದೊರೆತ ಜನಾದರ ಬಹಳ ಕಡಿಮೆ ನಾಟಕಗಳಿಗೆ ದೊರೆತಿದೆ. ನಮ್ಮ ಜಿಲ್ಲೆಯ ಹಿರಿಯರ ಮುಂದೆ ಈ ಹೆಸರನ್ನು ಎತ್ತಿದರೆ ಸಾಕು, ಅವರು ಮೊದಲು ನೆನೆಯುವುದು ನಾಯಕಿಯನ್ನಲ್ಲ, ನಾಯಕನನ್ನಂತೂ ಅಲ್ಲವೇ ಅಲ್ಲ, ಕಳ್ಳನನ್ನು. ಆ ಕಳ್ಳನ ಪಾತ್ರವನ್ನು ಗುಬ್ಬಿ ವೀರಣ್ಣನವರು ತಮ್ಮದಾಗಿಸಿಕೊಂಡಿದ್ದ ಬಗೆ ಹಾಗಿತ್ತು. ಅದೇ ಪಾತ್ರವನ್ನು ಮುಂದೆ ಅವರ ಮೊಮ್ಮಗಳಾದ ಶ್ರೀಮತಿ ಬಿ. ಜಯಶ್ರೀಯವರು ಧರಿಸಿ ರಂಗಕ್ಕೆ ಬಂದುದನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆನಿಸಿದೆ.

ಎಳೆಯ ಓದುಗರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಸದಾರಮೆ ಒಬ್ಬ ವರ್ತಕನ ಮಗಳು. ಅವಳನ್ನು ಮೆಚ್ಚಿದ ರಾಜಕುಮಾರನು ಅವಳಿಗಾಗಿ ರಾಜ್ಯವನ್ನೇ ಬಿಟ್ಟುಕೊಡುತ್ತಾನೆ. ದಂಪತಿಗಳು ಬಡತನಕ್ಕೆ ಬೀಳುತ್ತಾರೆ, ಅಗಲುತ್ತಾರೆ. ಒಂಟಿಯಾದ ಹೆಣ್ಣಿನ ಮೇಲೆ ಕಾಮುಕರ ಕಣ್ಣು ಬೀಳುತ್ತದೆ, ಕಳ್ಳನ ಕೈಗೂ ಅವಳು ಸಿಕ್ಕುತ್ತಾಳೆ. ಆದರೆ ಸದಾರಮೆ ಅಳುತ್ತ ಕುಳಿತುಕೊಳ್ಳುವವಳಲ್ಲ. ಬುದ್ಧಿಯ ಬಲದಿಂದ ಅವನನ್ನು ಮರುಳುಮಾಡಿ ತಪ್ಪಿಸಿಕೊಂಡು, ಗಂಡುವೇಷ ತೊಟ್ಟು, ಒಂದು ನಾಡಿನ ಒಡೆತನವನ್ನೂ ಪಡೆದು, ಕೊನೆಗೆ ಎಲ್ಲರಿಗೂ ತಾನೇ ನ್ಯಾಯ ಹೇಳುತ್ತಾಳೆ. ಹೆಣ್ಣುಮಕ್ಕಳ ಬುದ್ಧಿವಂತಿಕೆಯನ್ನು ಇಷ್ಟು ಸಂತೋಷದಿಂದ ಮೆರೆಸಿದ ನಾಟಕಗಳು ಆ ಕಾಲದಲ್ಲಿ ವಿರಳವಾಗಿದ್ದವು. ಬೆಳ್ಳಾವೆ ನರಹರಿಶಾಸ್ತ್ರಿಗಳ ಹೆಸರಿನೊಡನೆ ಬೆರೆತುಹೋಗಿರುವ ಈ ನಾಟಕ 1935ರಲ್ಲಿ ಚಲನಚಿತ್ರವೂ ಆಯಿತು. ಕನ್ನಡ ವಾಕ್ಚಿತ್ರ ಆಗ ತಾನೇ ಕಣ್ಣು ಬಿಟ್ಟಿತ್ತು. ಸದಾರಮೆಯಾಗಿ ಹಾಡಿ ಅಭಿನಯಿಸಿದವರು ರಂಗನಟಿ ಕೆ. ಅಶ್ವತ್ಥಮ್ಮನವರು.

ಇನ್ನು ಕಳ್ಳ. ಕಥೆಯ ನ್ಯಾಯದಲ್ಲಿ ಅವನು ದುಷ್ಟ. ರಂಗದ ನ್ಯಾಯದಲ್ಲಿ ಮಾತ್ರ ಸಭೆಯ ಮುದ್ದಿನ ಮಗ. ಅವನು ತನ್ನ ಕಸುಬನ್ನು ತಾನೇ ಹೊಗಳಿಕೊಳ್ಳಬೇಕು, ಹೆಣ್ಣೊಬ್ಬಳ ಮಾತಿಗೆ ಮಾರುಹೋಗಿ ಪೆದ್ದನಾಗಬೇಕು, ಆದರೂ ಸಭೆಯ ಪ್ರೀತಿಯನ್ನು ಕಳೆದುಕೊಳ್ಳಬಾರದು. ಭಯ ಹುಟ್ಟಿಸಿದರೆ ಹಾಸ್ಯ ಕೆಡುತ್ತದೆ. ಬರಿಯ ಹಾಸ್ಯವಾದರೆ ಸದಾರಮೆಯ ಅಪಾಯಕ್ಕೆ ಬೆಲೆಯಿರುವುದಿಲ್ಲ. ಈ ತಕ್ಕಡಿಯನ್ನು ಹಿಡಿಯಬಲ್ಲ ನಟನಿಗೆ ಮಾತ್ರ ಈ ಪಾತ್ರ ಒಲಿಯುತ್ತದೆ. 1891ರಲ್ಲಿ ಹುಟ್ಟಿ 1972ರಲ್ಲಿ ಲಿಂಗೈಕ್ಯರಾದ ವೀರಣ್ಣನವರು ಹಾಸ್ಯನಟರಾಗಿ ಪಡೆದ ಕೀರ್ತಿಗೆ ಇಂತಹ ಪಾತ್ರಗಳೇ ಆಧಾರ. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸಿ ಎಂದು ಅವರನ್ನು ಜನ ಕೊಂಡಾಡುವುದುಂಟು. ಆದರೆ ಆನೆಯಿಲ್ಲದೆ, ಬರಿಯ ಮೈ ಮಾತುಗಳಿಂದ ಸಭೆಯನ್ನು ಹಿಡಿದಿಟ್ಟ ಕಳ್ಳನೇ ದೊಡ್ಡ ಸಾಧನೆಯೆಂಬುದು ಈ ಲೇಖಕನ ಎಣಿಕೆ.

ಅಂತಹ ಪಾತ್ರವನ್ನು ಒಬ್ಬ ಹೆಣ್ಣುಮಗಳು ಕೈಗೆತ್ತಿಕೊಳ್ಳುವುದೆಂದರೆ ಎರಡು ಬಗೆಯ ಹೋಲಿಕೆಗೆ ತನ್ನನ್ನು ಒಡ್ಡಿಕೊಂಡಂತೆ. ತಾತನೊಡನೆ ಒಂದು, ಗಂಡಸಿನೊಡನೆ ಇನ್ನೊಂದು. ಜಯಶ್ರೀಯವರು ವೀರಣ್ಣನವರ ಮಗಳು ಮಾಲತಮ್ಮನವರ ಮಗಳು. ಕಂಪನಿಯ ಹಾಡುಗಳನ್ನು ಕೇಳುತ್ತಲೇ ಬೆಳೆದವರು. ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಶಿಷ್ಯೆಯಾಗಿ ಆಧುನಿಕ ರಂಗಶಿಸ್ತನ್ನು ಕಲಿತು ಬಂದರು. 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿದರು. ಒಂದು ಕಡೆ ಮನೆಯ ಬಳುವಳಿ, ಇನ್ನೊಂದು ಕಡೆ ಶಾಲೆಯ ಸಾಧನೆ. ಇವೆರಡೂ ಅವರ ಕಳ್ಳನಲ್ಲಿ ಕೂಡಿಕೊಂಡವು.

ಅವರ ಕಂಠದ ವಿಷಯ ಕನ್ನಡಿಗರಿಗೆ ಹೊಸದಲ್ಲ. ತಗ್ಗಿನ ಸ್ಥಾಯಿಯಲ್ಲಿ ಗುಡುಗಿ, ಮೇಲಕ್ಕೆ ಏರಿದಾಗ ಕಂಚಿನಂತೆ ಮೊಳಗುವ ದನಿ ಅದು. ಕೋಮಲ ಕಂಠವೇ ನಟಿಗೆ ಭೂಷಣವೆಂದು ಬಗೆಯುವವರಿಗೆ ಅದು ಕೊಂಚ ಒರಟಾಗಿ ಕೇಳಿಸಿದರೂ ಕೇಳಿಸಬಹುದು. ಕಳ್ಳನಿಗೆ ಬೇಕಾದುದು ಆ ಒರಟುತನವೇ. ಗಂಡಸಿನ ದನಿಯನ್ನು ಅಣಕಿಸುವ ಆವಶ್ಯಕತೆಯೇ ಅವರಿಗೆ ಇರಲಿಲ್ಲ. ತಮ್ಮ ಸ್ವಂತ ದನಿಯಿಂದಲೇ ಆ ಗಂಡನ್ನು ಮಾಡಬಲ್ಲವರಾಗಿದ್ದರು. ಮಾತು ಹಾಡಾಗುವ ಗಳಿಗೆ ಮತ್ತು ಹಾಡು ಮತ್ತೆ ಮಾತಿಗೆ ಇಳಿಯುವ ಗಳಿಗೆ ಸಂಗೀತ ನಾಟಕದ ಮರ್ಮಸ್ಥಾನಗಳು. ಅಲ್ಲಿ ಹಾರ್ಮೋನಿಯಂ ಒಂದು ಕ್ಷಣ ಮುಂದಾದರೂ ರಸ ಚೆಲ್ಲಿಹೋಗುತ್ತದೆ. ಆ ಸಂಧಿಗಳನ್ನು ಪ್ರೇಕ್ಷಕನಿಗೆ ತಿಳಿಯದಂತೆ ದಾಟಿಸುವುದು ಕಂಪನಿ ಮನೆಯಲ್ಲಿ ಬೆಳೆದವರಿಗೇ ಬರುವ ವಿದ್ಯೆ.

ಈ ಪ್ರಯೋಗದಲ್ಲಿ ಇನ್ನೊಂದು ಸ್ವಾರಸ್ಯವೂ ಅಡಗಿದೆ. ಸದಾರಮೆ ಕಥೆಯೊಳಗೆ ಗಂಡುವೇಷ ತೊಡುತ್ತಾಳೆ; ಸಭೆಗೆ ಅದು ಗೊತ್ತು, ರಂಗದ ಮೇಲಿರುವವರಿಗೆ ಗೊತ್ತಿಲ್ಲ. ಕಳ್ಳನಾಗಿ ನಿಂತಿರುವವರೂ ಹೆಣ್ಣುಮಗಳೇ. ಆ ವೇಷವನ್ನು ಮಾತ್ರ ಸಭೆಯೇ ಮರೆತುಬಿಡುತ್ತದೆ. ಒಂದು ವೇಷವನ್ನು ನೆನಪಿಡಿಸಿ ಇನ್ನೊಂದನ್ನು ಮರೆಸುವುದು ಸಣ್ಣ ಕಾರ್ಯವೇನಲ್ಲ.

ಹಿಂದೆ ಇದು ತಲೆಕೆಳಗಾಗಿತ್ತು. ಮೀಸೆ ಬೋಳಿಸಿ ಸೀರೆಯುಟ್ಟ ಗಂಡಸರೇ ಸೀತೆ, ದ್ರೌಪದಿಯರಾಗುತ್ತಿದ್ದರು. ಮನೆತನದ ಹೆಣ್ಣು ರಂಗವೇರುವುದು ಅಪಮಾನವೆಂದು ಜನ ತಿಳಿದಿದ್ದರು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘದಲ್ಲಿ ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದು ನಿಲ್ಲಿಸಿದ ವೀರಣ್ಣನವರಿಗೆ ಆಗ ಬಂದ ಟೀಕೆಗಳು ಕಡಿಮೆಯೇನಿರಲಿಲ್ಲ. ಅವರ ಪತ್ನಿ ಬಿ. ಜಯಮ್ಮನವರು 1945ರ ‘ಹೇಮರೆಡ್ಡಿ ಮಲ್ಲಮ್ಮ’ ಚಿತ್ರದಲ್ಲಿ ಮಲ್ಲಮ್ಮನಾಗಿ ಕಾಣಿಸಿಕೊಂಡರು. ಶಿವಶರಣೆಯ ಪಾತ್ರದಲ್ಲಿ ಅವರನ್ನು ಕಂಡು ಕೈಮುಗಿದ ನಮ್ಮ ಮನೆಗಳೇ, ತಮ್ಮ ಮಗಳು ನಾಟಕಕ್ಕೆ ಸೇರುತ್ತೇನೆಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದವು. ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಶೀರ್ಷಿಕೆಯನ್ನು ಮೆಚ್ಚಿದವರು ಬಹಳ ಮಂದಿ. ಅದನ್ನು ತಮ್ಮ ಮನೆಯ ಹೆಣ್ಣುಮಕ್ಕಳಿಗೂ ಅನ್ವಯಿಸಿಕೊಂಡವರು ಎಷ್ಟು ಮಂದಿ?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹಳೆಯದಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ತಲೆತಲಾಂತರದ್ದು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಊರಿನಲ್ಲಿ ಹಾರ್ಮೋನಿಯಂ ಮೇಷ್ಟ್ರು ಬಂದು ಇಳಿಯುತ್ತಾರೆ. ಹೊಲದಲ್ಲಿ ದುಡಿದು ಬಂದವರು ರಾತ್ರಿ ಕಂದಪದ್ಯ ಕಲಿಯುತ್ತಾರೆ. ಕೃಷ್ಣನ ಪಾತ್ರಕ್ಕೆ, ದುರ್ಯೋಧನನ ಪಾತ್ರಕ್ಕೆ ಪಾತ್ರಧಾರಿಯೇ ಕೈಯಿಂದ ಹಣ ಹಾಕುತ್ತಾನೆ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿಯೂ ‘ಕುರುಕ್ಷೇತ್ರ’ ಬೆಳತನಕ ನಡೆಯುವುದನ್ನು ಓದುಗರು ಕಂಡಿದ್ದಾರೆ. ಇದು ವೃತ್ತಿ ಕಂಪನಿಗಳು ಟೆಂಟು ಕಿತ್ತು ಹೋದಮೇಲೂ ಹಳ್ಳಿಗಳಲ್ಲಿ ಉಳಿಸಿಹೋದ ಬೀಜ. ನಾಟಕ ಮಂಡಳಿಯ ಬದುಕನ್ನು ಕುರಿತು ‘ನಟಸಾರ್ವಭೌಮ’ ಕಾದಂಬರಿಯನ್ನು ಬರೆದ ಅ.ನ.ಕೃ. ಅವರ ಹೆಸರಿನ ಮೊದಲ ಅಕ್ಷರವೇ ಅರಕಲಗೂಡು ಎಂಬುದನ್ನು ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಆದರೆ ದ್ರೌಪದಿಯೂ ಕುಂತಿಯೂ ಉತ್ತರೆಯೂ ಎಲ್ಲಿಂದ ಬರುತ್ತಾರೆ? ಊರ ಹೆಣ್ಣುಮಕ್ಕಳು ಚಾಪೆಯ ಮೇಲೆ ಕುಳಿತು ನೋಡುವವರು. ರಂಗವೇರುವವರು ಬೇರೆ ಊರಿನಿಂದ ಸಂಭಾವನೆಗೆ ಬಂದ ಕಲಾವಿದೆಯರು. ಒಂದು ದಿನ ಈ ಊರು, ಮರುದಿನ ಇನ್ನೊಂದೂರು. ಊರವರೊಡನೆ ಸಾಕಷ್ಟು ಅಭ್ಯಾಸವೂ ಇಲ್ಲದೆ, ಹಿಂದೆಂದೂ ಕಾಣದ ಧರ್ಮರಾಯನ ಮುಂದೆ ನಿಂತು ಅವರು ಹಾಡಬೇಕು. ಇಡೀ ನಾಟಕ ಅವರಿಗೆ ಬಾಯಿಪಾಠ. ತಿಂಗಳುಗಟ್ಟಲೆ ಕಲಿತ ಕೃಷ್ಣ ಮಾತು ಮರೆತು ನಿಂತಾಗ, ಸೆರಗನ್ನು ಸರಿಪಡಿಸಿಕೊಳ್ಳುವ ನೆವದಲ್ಲಿ ಮುಂದಿನ ಮಾತನ್ನು ಮೆಲ್ಲಗೆ ಎತ್ತಿಕೊಡುವವಳು ಆಕೆಯೇ. ಮೈಕಿನಲ್ಲಿ ಬಹುಮಾನ ಕೂಗುವುದೆಲ್ಲ ಕೃಷ್ಣನ ಬಂಧುಗಳು ಕೃಷ್ಣನಿಗೆ. ಅವಳ ಬಂಧುಗಳು ಅಲ್ಲಿಲ್ಲ.

ಜಯಶ್ರೀಯವರಿಗೆ 2010ರಲ್ಲಿ ರಾಜ್ಯಸಭೆಯ ನಾಮಕರಣ, 2013ರಲ್ಲಿ ಪದ್ಮಶ್ರೀ ಸಂದಾಗ ನಾವೆಲ್ಲ ಸಂತೋಷಪಟ್ಟೆವು. ಆ ಸಂತೋಷ ಪತ್ರಿಕೆಯ ಪುಟದಲ್ಲಿಯೇ ನಿಂತುಬಿಟ್ಟರೆ ಸಾಲದು. ಬಹುಮಾನದ ಗದ್ದಲದಲ್ಲಿ ಅವಳ ಸಂಭಾವನೆ ತಡವಾಗುವುದುಂಟು. ಬಣ್ಣ ಹಚ್ಚಿಕೊಳ್ಳುವುದಕ್ಕೆ ಶಾಲೆಯ ಕೊಠಡಿ, ಉಟ್ಟ ಸೀರೆ ಬದಲಿಸುವುದಕ್ಕೆ ತಡಿಕೆಯ ಮರೆ. ಬೆಳಗಿನ ಐದು ಗಂಟೆಗೆ ಮುಖದ ಬಣ್ಣ ಪೂರ್ತಿ ಇಳಿಯುವ ಮೊದಲೇ ಬಸ್ ನಿಲ್ದಾಣದಲ್ಲಿ ಒಬ್ಬಳೇ ಕುಳಿತಿರುವ ದ್ರೌಪದಿಯನ್ನು ನೋಡಿಯೂ ನೋಡದಂತೆ ಸಾಗುವವರು, ರಾತ್ರಿ ಅವಳ ವಸ್ತ್ರಾಪಹರಣಕ್ಕೆ ಕಣ್ಣೀರು ಸುರಿಸಿದವರೇ. ದಾಸೋಹವನ್ನು ದೊಡ್ಡ ಮಾತಾಗಿ ಆಡುವ ನಮ್ಮ ಮನೆಗಳ ತಾಯಂದಿರು ಒಂದು ಕೆಲಸ ಮಾಡಬಹುದು. ನಾಟಕದ ದಿನ ಸಂಜೆ ಆ ಕಲಾವಿದೆಯನ್ನು ಹೆಸರು ಹಿಡಿದು ಕರೆದು, ತಮ್ಮ ಮನೆಯ ಪಂಕ್ತಿಯಲ್ಲಿಯೇ ಕೂರಿಸಿ ಊಟಕ್ಕೆ ಬಡಿಸಬಹುದು. ಒಳಕೋಣೆಯನ್ನು ಅವಳ ಪ್ರಸಾಧನಕ್ಕೆ ಬಿಟ್ಟುಕೊಡಬಹುದು. ಇನ್ನು ನಾಟಕದ ಯಜಮಾನರಾದ ಅಣ್ಣಂದಿರು ಒಪ್ಪಿದ ಹಣವನ್ನು ಬಣ್ಣ ಹಚ್ಚುವ ಮೊದಲೇ ಅವಳ ಕೈಗಿಡಲಿ, ಬೆಳಿಗ್ಗೆ ಬಸ್ಸಿನವರೆಗೆ ಒಂದು ವಾಹನವನ್ನು ಗೊತ್ತುಮಾಡಲಿ. ಆನೆ ಕುದುರೆಗಳ ಖರ್ಚಲ್ಲ ಇದು.

ಹಾಗೆಯೇ ಒಂದು ಸೂಚನೆ. ಪ್ರತಿ ವರ್ಷವೂ ಕುರುಕ್ಷೇತ್ರವನ್ನೇ ಹೂಡುವ ಮಂಡಳಿಗಳು ಒಮ್ಮೆ ‘ಸದಾರಮೆ’ಯನ್ನು ಎತ್ತಿಕೊಳ್ಳಬಾರದೇಕೆ? ಯುದ್ಧವಿಲ್ಲ, ರಥವಿಲ್ಲ, ಸೀನರಿಯ ಬಾಡಿಗೆಯೂ ಹಗುರ. ಹಳೆಯ ಮಟ್ಟುಗಳನ್ನು ಬಲ್ಲ ಮೇಷ್ಟ್ರು ಹುಡುಕಿದರೆ ಸಿಕ್ಕಿಯಾರು. ಕಳ್ಳನ ಪಾತ್ರಕ್ಕೆ ಊರಿನ ಒಬ್ಬ ಧೈರ್ಯದ ಹೆಣ್ಣುಮಗಳು ಮುಂದೆ ಬಂದರೆ, ಅವಳ ಹೆಸರನ್ನು ಈ ಅಂಕಣದಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಿಸುವ ಹೊಣೆ ನಮ್ಮದು.