ಬೈಬಲ್ ಪಾಠ: ಭೀತಿಯಲ್ಲ, ನ್ಯಾಯದ ಮಾನದಂಡ ಬೇಕು

ಶಾಲಾ ಪ್ರವೇಶದ ದಿನಗಳು ಬಂತೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮುಸ್ಲಿಮ್ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಮಗುವನ್ನು ಕಾನ್ವೆಂಟಿಗೆ ಸೇರಿಸಬೇಕೇ ಬೇಡವೇ? ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಶಿಸ್ತು ಇದೆ, ಹೆಣ್ಣುಮಕ್ಕಳಿಗೆ ಸುರಕ್ಷಿತ ವಾತಾವರಣವಿದೆ ಎಂಬುದು ಒಂದು ವಾದ. ಗೋಡೆಯ ಮೇಲೆ ಶಿಲುಬೆ ಇದೆ, ಬೆಳಗಿನ ಪ್ರಾರ್ಥನೆಯಲ್ಲಿ ಯೇಸುವಿನ ಹೆಸರಿದೆ, ಮಗುವಿನ ಈಮಾನಿಗೆ ಧಕ್ಕೆ ಬಂದೀತು ಎಂಬುದು ಇನ್ನೊಂದು ವಾದ. ಮೊದಲನೆಯವರು ಸೇರಿಸಿ ನಿಶ್ಚಿಂತರಾಗುತ್ತಾರೆ. ಎರಡನೆಯವರು ದೂರವೇ ಉಳಿಯುತ್ತಾರೆ. ಆ ಶಾಲೆಯಲ್ಲಿ ನಿಜಕ್ಕೂ ಏನನ್ನು ಕಲಿಸುತ್ತಾರೆ, ಯಾರಿಗೆ ಕಲಿಸುತ್ತಾರೆ, ಅದನ್ನು ಒಪ್ಪುವ ಅಥವಾ ನಿರಾಕರಿಸುವ ಹಕ್ಕು ತಮಗೆಷ್ಟಿದೆ ಎಂದು ಕೇಳುವವರು ಎರಡೂ ಕಡೆಯಲ್ಲಿ ವಿರಳ.

ಮೊದಲು ವಿಷಯವನ್ನು ತಿಳಿಯೋಣ. ಕ್ಯಾಥೊಲಿಕ್ ಕ್ರೈಸ್ತರು ತಮ್ಮ ಮಕ್ಕಳಿಗೆ ಎಳವೆಯಿಂದಲೇ ಧರ್ಮೋಪದೇಶವನ್ನು ನೀಡುತ್ತಾರೆ. ಬಹುತೇಕ ಕಡೆ ಇದು ಭಾನುವಾರದ ಪೂಜೆಯ ಮೊದಲು ಅಥವಾ ನಂತರ ಚರ್ಚಿನಲ್ಲಿ ನಡೆಯುತ್ತದೆ. ಕೆಲವು ಶಾಲೆಗಳಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶದ ಅವಧಿ ಇದ್ದು, ಅದೇ ಹೊತ್ತಿನಲ್ಲಿ ಉಳಿದ ಮಕ್ಕಳಿಗೆ ನೀತಿಪಾಠ ಇರುತ್ತದೆ. ಆ ಮಕ್ಕಳು ಕಲಿಯುವುದು ಹತ್ತು ಆಜ್ಞೆಗಳು, ದೀಕ್ಷಾಸ್ನಾನದಿಂದ ಆರಂಭವಾಗುವ ಏಳು ಸಂಸ್ಕಾರಗಳು, ನಿತ್ಯದ ಪ್ರಾರ್ಥನೆಗಳು ಮತ್ತು ವಿಶ್ವಾಸದ ಮೂಲತತ್ವಗಳನ್ನು. ಏಳೆಂಟು ವರ್ಷದ ಹೊತ್ತಿಗೆ ಪ್ರಥಮ ಪರಮಪ್ರಸಾದಕ್ಕೆ ಮಗುವನ್ನು ಸಿದ್ಧಗೊಳಿಸಲಾಗುತ್ತದೆ. ಜೊತೆಗೆ ಬೈಬಲಿನ ಕಥೆಗಳಿವೆ. ಕ್ಯಾಥೊಲಿಕ್ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ 46 ಮತ್ತು ಹೊಸ ಒಡಂಬಡಿಕೆಯ 27, ಒಟ್ಟು 73 ಗ್ರಂಥಗಳಿವೆ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಇರುವುದು 66. ನಮ್ಮ ಮಕ್ಕಳು ಬೆಳಗಿನ ಮದ್ರಸದಲ್ಲಿ ಕಲಿಮಾ, ವುಝೂ, ನಮಾಝಿನ ಕ್ರಮ ಕಲಿಯುವುದಕ್ಕೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವಿಲ್ಲ. ತಮ್ಮ ವಿಶ್ವಾಸವನ್ನು ಮುಂದಿನ ಪೀಳಿಗೆಗೆ ದಾಟಿಸುವ ಹಕ್ಕು ನಮಗಿರುವಷ್ಟೇ ಅವರಿಗೂ ಇದೆ.

ಇನ್ನು ವಿಶ್ವಾಸದ ಮಾತು. ಆದಮ್, ನೂಹ್, ಇಬ್ರಾಹೀಮ್, ಯೂಸುಫ್, ಮೂಸಾ, ದಾವೂದ್(ಅ) ಮುಂತಾದ ಪ್ರವಾದಿಗಳ ವೃತ್ತಾಂತ ಬೈಬಲಿನಲ್ಲೂ ಇದೆ, ಪವಿತ್ರ ಕುರ್‌ಆನ್‌ನಲ್ಲೂ ಇದೆ. ಕುರ್‌ಆನ್‌ನ 19ನೆಯ ಅಧ್ಯಾಯಕ್ಕೆ ಹೆಸರೇ ಮರ್ಯಮ್. ಕುರ್‌ಆನ್ ಹೆಸರಿಸಿ ಉಲ್ಲೇಖಿಸಿದ ಏಕೈಕ ಮಹಿಳೆ ಅವರು. ಪ್ರವಾದಿ ಈಸಾ(ಅ)ರ ಹೆಸರು 25 ಬಾರಿ ಬರುತ್ತದೆ. ತಂದೆಯಿಲ್ಲದ ಅವರ ಜನನವನ್ನು ಮುಸ್ಲಿಮರೂ ನಂಬುತ್ತಾರೆ. ಆದರೆ ಭಿನ್ನತೆಯನ್ನು ಮರೆಮಾಚಬೇಕಾಗಿಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದ ಸಿದ್ಧಾಂತ, ಯೇಸು ದೇವರ ಪುತ್ರರೆಂಬ ನಂಬಿಕೆ, ಶಿಲುಬೆಯ ಮರಣದಿಂದ ಮನುಕುಲದ ಪಾಪಗಳಿಗೆ ಪರಿಹಾರ ದೊರೆಯಿತೆಂಬ ವಿಶ್ವಾಸ ಇವು ಕ್ರೈಸ್ತ ಧರ್ಮದ ಹೃದಯ. ಇಸ್ಲಾಮ್ ಇವನ್ನು ಒಪ್ಪುವುದಿಲ್ಲ. ತೌಹೀದ್ ಮತ್ತು ತ್ರಿತ್ವಗಳ ನಡುವೆ ಗೆರೆ ಸ್ಪಷ್ಟವಾಗಿದೆ. ಈ ಗೆರೆಯನ್ನು ಗೌರವದಿಂದ ಗುರುತಿಸುವುದು ದ್ವೇಷವಲ್ಲ. ಹಾಗೆಯೇ, ಪಕ್ಕದ ಬೆಂಚಿನ ಗೆಳೆಯನ ನಂಬಿಕೆ ಏನೆಂದು ತಿಳಿಯುವುದು ಧರ್ಮಭ್ರಷ್ಟತೆಯೂ ಅಲ್ಲ. ತಿಳಿಯುವುದು ಬೇರೆ, ಆರಾಧನೆಯಲ್ಲಿ ಪಾಲ್ಗೊಳ್ಳುವುದು ಬೇರೆ.

ನಮ್ಮ ಸಂವಿಧಾನ ನಿರ್ಮಾಪಕರು ಈ ವ್ಯತ್ಯಾಸವನ್ನು ಬಲ್ಲವರಾಗಿದ್ದರು. ಸಂವಿಧಾನದ 28ನೆಯ ವಿಧಿಯನ್ನು ಪ್ರತಿಯೊಬ್ಬ ಹೆತ್ತವರೂ ತಿಳಿದಿರಬೇಕು. ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು ಎಂಬುದು ಅದರ ಮೊದಲ ಭಾಗ. ದತ್ತಿ ಅಥವಾ ನ್ಯಾಸದಡಿ ಸ್ಥಾಪನೆಯಾಗಿ ಸರಕಾರ ಕೇವಲ ಆಡಳಿತ ನಡೆಸುವ ಸಂಸ್ಥೆಗಳಿಗೆ ಎರಡನೆಯ ಭಾಗದಲ್ಲಿ ವಿನಾಯಿತಿ ಇದೆ. ಮೂರನೆಯ ಭಾಗವೇ ನಮಗೆ ಇಲ್ಲಿ ಮುಖ್ಯ. ಸರಕಾರದ ಮಾನ್ಯತೆ ಪಡೆದ ಅಥವಾ ಅನುದಾನ ಪಡೆಯುವ ಯಾವುದೇ ಶಾಲೆಯು ಧಾರ್ಮಿಕ ಬೋಧನೆಗೆ ಅಥವಾ ಆರಾಧನೆಗೆ ಹಾಜರಾಗುವಂತೆ ಮಗುವನ್ನು ಒತ್ತಾಯಿಸುವಂತಿಲ್ಲ. ಅಪ್ರಾಪ್ತ ಮಗುವಾದರೆ ಅದಕ್ಕೆ ಪಾಲಕರ ಸಮ್ಮತಿ ಬೇಕೇ ಬೇಕು. ಇನ್ನೊಂದೆಡೆ, ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ವಿಧಿ ಅಲ್ಪಸಂಖ್ಯಾತರಿಗೆ ನೀಡಿದೆ. ಅಂದರೆ ಕ್ರೈಸ್ತ ಶಾಲೆ ತನ್ನ ಕ್ರೈಸ್ತ ಮಕ್ಕಳಿಗೆ ಬೈಬಲ್ ಕಲಿಸಬಹುದು. ನಮ್ಮ ಮಗುವನ್ನು ನಮ್ಮ ಒಪ್ಪಿಗೆಯಿಲ್ಲದೆ ಅದರಲ್ಲಿ ಕೂರಿಸುವಂತಿಲ್ಲ. ಧರ್ಮಗಳ ಕುರಿತು ತಿಳುವಳಿಕೆ ನೀಡುವುದು ಬೇರೆ, ಒಂದು ಧರ್ಮದ ವಿಧಿಗಳ ಬೋಧನೆ ಬೇರೆ ಎಂಬುದನ್ನು ಸುಪ್ರೀಮ್ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಗುರುತಿಸಿದೆ.

ಕಾನೂನು ಇಷ್ಟು ಸ್ಪಷ್ಟವಿರುವಾಗ ಸಮಸ್ಯೆ ಎಲ್ಲಿಂದ ಹುಟ್ಟುತ್ತದೆ? ನಮ್ಮದೇ ಜಿಲ್ಲೆಯ ಎರಡು ಘಟನೆಗಳನ್ನು ನೆನೆಯೋಣ.

2021ರ ಡಿಸೆಂಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಮನೆಮನೆಗೆ ತೆರಳುತ್ತಿದ್ದ ಕ್ರೈಸ್ತರಿಂದ ಧಾರ್ಮಿಕ ಪುಸ್ತಕಗಳನ್ನು ಬಲಪಂಥೀಯ ಗುಂಪೊಂದು ಕಸಿದು ಬೆಂಕಿಗೆ ಹಾಕಿತು. ಮತಾಂತರದ ಆರೋಪವೇ ಅದಕ್ಕೆ ನೆಪ. ಅದೇ ತಿಂಗಳು ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆಯು ಮತಾಂತರ ನಿಷೇಧ ವಿಧೇಯಕವನ್ನು ಅಂಗೀಕರಿಸಿತು. ಪುಸ್ತಕವನ್ನು ಇಷ್ಟವಿಲ್ಲದವನು ಬೇಡವೆಂದು ಹೇಳಿ ಬಾಗಿಲು ಮುಚ್ಚಬಹುದಿತ್ತು. ಬೀದಿಯಲ್ಲಿ ಸುಡುವ ಅಧಿಕಾರವನ್ನು ಆ ಗುಂಪಿಗೆ ಕೊಟ್ಟವರಾರು?

ಸುಮಾರು ಆರು ವಾರ ಕಳೆಯುವಷ್ಟರಲ್ಲಿ, 2022ರ ಜನವರಿಯಲ್ಲಿ, ಮುಳಬಾಗಿಲಿನ ಸರಕಾರಿ ಶಾಲೆಯೊಂದರ ತರಗತಿಯಲ್ಲಿ ಮುಸ್ಲಿಮ್ ಮಕ್ಕಳು ಶುಕ್ರವಾರದ ನಮಾಝ್ ನಿರ್ವಹಿಸುತ್ತಿದ್ದ ವೀಡಿಯೊ ಹರಡಿತು. ನಮಾಝಿಗೆಂದು ಹೊರಹೋದ ಮಕ್ಕಳು ಮರಳಿ ತರಗತಿಗೆ ಬರುತ್ತಿರಲಿಲ್ಲವೆಂಬ ಕಾರಣಕ್ಕೆ ಈ ಅವಕಾಶ ದೊರೆತಿತ್ತೆಂದು ವರದಿಯಾಯಿತು. ಪ್ರತಿಭಟನೆ ನಡೆಯಿತು, ತನಿಖೆ ನಡೆಯಿತು, ಮುಖ್ಯ ಶಿಕ್ಷಕಿ ಅಮಾನತಾದರು.

ಶ್ರೀನಿವಾಸಪುರದ ಬೆಂಕಿಯನ್ನು ಕಂಡಾಗ ನಮ್ಮವರಲ್ಲಿ ಹಲವರು ಅದು ಕ್ರೈಸ್ತರ ಸಮಸ್ಯೆ ಎಂದುಕೊಂಡರು. ಮುಳಬಾಗಿಲಿನ ಸದ್ದು ಕೇಳಿದಾಗ ಮಾತ್ರ ಬೆಚ್ಚಿದರು. ಎರಡೂ ಕಡೆ ಕೆರಳಿಸಿದ ಭಾವನೆ ಒಂದೇ ಎಂಬುದನ್ನು ಕಾಣಲಿಲ್ಲ. ಇನ್ನೊಬ್ಬರ ಪ್ರಾರ್ಥನೆ ಕಣ್ಣಿಗೆ ಬೀಳುವುದೇ ಅಪಾಯ, ಇನ್ನೊಬ್ಬರ ಗ್ರಂಥ ಊರಿನಲ್ಲಿರುವುದೇ ಸಂಚು ಎಂಬ ಭಾವನೆ ಅದು. ಅದೇ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲಿನ ಪ್ರವೇಶ ಅರ್ಜಿ ವಿವಾದವಾಯಿತು. ಮಗು ಬೈಬಲ್ ಒಯ್ಯುವುದಕ್ಕೆ ಆಕ್ಷೇಪಿಸುವುದಿಲ್ಲವೆಂದು ಹೆತ್ತವರು ಒಪ್ಪಬೇಕೆಂಬ ಘೋಷಣೆ ಅದರಲ್ಲಿತ್ತು. ಅದು ಕ್ಯಾಥೊಲಿಕ್ ಶಾಲೆಯಲ್ಲ, ಪ್ರೊಟೆಸ್ಟೆಂಟ್ ಹಿನ್ನೆಲೆಯದು. ಹಿಂದೂ ಜನಜಾಗೃತಿ ಸಮಿತಿ ದೂರು ನೀಡಿತು. ಶತಮಾನ ದಾಟಿದ ಆ ಶಾಲೆಯ ಪರವಾಗಿ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಮಾತನಾಡಿದರು.

ಇಲ್ಲಿ ನಾವು ನಿಷ್ಪಕ್ಷವಾಗಿ ಹೇಳಬೇಕಾದುದಿದೆ. ಅಂತಹ ಘೋಷಣೆಗೆ ಸಹಿ ಹಾಕದಿದ್ದರೆ ಪ್ರವೇಶವಿಲ್ಲ ಎನ್ನುವುದಾದರೆ ಅದು ಸಮ್ಮತಿಯಲ್ಲ. ಬೇರೆ ದಾರಿಯಿಲ್ಲದೆ ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಕರೆಯುವುದು 28ನೆಯ ವಿಧಿಯ ಆಶಯಕ್ಕೆ ಒಪ್ಪುವುದಿಲ್ಲ. ಆದರೆ ದೂರಿದವರ ಮಾನದಂಡವನ್ನೂ ಪರೀಕ್ಷಿಸೋಣ. ಆ ವಿವಾದಕ್ಕೆ ಒಂದು ತಿಂಗಳ ಹಿಂದೆ, 2022ರ ಮಾರ್ಚ್‌ನಲ್ಲಿ, ಗುಜರಾತ್ ಸರಕಾರ 6ರಿಂದ 12ನೆಯ ತರಗತಿಯವರೆಗೆ ಭಗವದ್ಗೀತೆಯನ್ನು ಪಠ್ಯಕ್ಕೆ ಸೇರಿಸುವುದಾಗಿ ಪ್ರಕಟಿಸಿತ್ತು. ಕರ್ನಾಟಕದ ಅಂದಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಇಲ್ಲಿಯೂ ನೀತಿಪಾಠದಲ್ಲಿ ಗೀತೆಯನ್ನು ಅಳವಡಿಸುವ ಬಗ್ಗೆ ಮಾತನಾಡಿದ್ದರು. ಅದೇ ವಾರ ಹೆಣ್ಣುಮಕ್ಕಳ ಶಿರವಸ್ತ್ರದ ವಿರುದ್ಧ ರಾಜ್ಯ ಹೈಕೋರ್ಟಿನ ತೀರ್ಪು ಬಂದಿತ್ತು. ಖಾಸಗಿ ಶಾಲೆಯ ಬೈಬಲ್ ಮತಾಂತರದ ಸಂಚು, ಸರಕಾರಿ ಶಾಲೆಯ ಗೀತೆ ಮೌಲ್ಯಶಿಕ್ಷಣ, ಬಾಲಕಿಯ ತಲೆವಸ್ತ್ರ ಶಿಸ್ತುಭಂಗ! ಇದು ಜಾತ್ಯತೀತತೆಯೇ? ಎಷ್ಟು ಮಂದಿಯ ಧರ್ಮ ಎಂಬುದನ್ನು ನೋಡಿ ನಿಯಮ ಬದಲಾಗುವುದಾದರೆ ಅದನ್ನು ನ್ಯಾಯ ಎನ್ನಲಾಗದು.

ಹೀಗೆ ಕೇಳುವ ನಾವು ಅದೇ ಮಾನದಂಡವನ್ನು ನಮಗೂ ಅನ್ವಯಿಸಿಕೊಳ್ಳಬೇಕು. ಇದು ಕೆಲವರಿಗೆ ಕಹಿಯೆನಿಸಬಹುದು. ಸರಕಾರಿ ಶಾಲೆಯ ಸಭೆಯಲ್ಲಿ ಒಂದು ಧರ್ಮದ ಗ್ರಂಥವನ್ನು ಎಲ್ಲರಿಂದ ಪಠಣ ಮಾಡಿಸಬಾರದು ಎನ್ನುವ ನಾವು, ಸರಕಾರಿ ಶಾಲೆಯ ತರಗತಿಯನ್ನು ನಮ್ಮ ಸಾಮೂಹಿಕ ಆರಾಧನೆಯ ಸ್ಥಳವಾಗಿಸುವುದೂ ಸರಿಯಲ್ಲ ಎಂದು ಒಪ್ಪಬೇಕಾಗುತ್ತದೆ. ಮುಳಬಾಗಿಲಿನ ಮಕ್ಕಳು ಯಾರ ಮೇಲೂ ಏನನ್ನೂ ಹೇರಲಿಲ್ಲ, ನಿಜ. ಅವರ ಮೇಲೆ ಹರಿಹಾಯ್ದ ರೀತಿ ಅಮಾನವೀಯವಾಗಿತ್ತು. ಆದರೂ ಶುಕ್ರವಾರದ ಅರ್ಧ ಗಂಟೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದವರು ಮಸೀದಿಯ ಜಮಾಅತ್ ಮತ್ತು ಹೆತ್ತವರು. ಊಟದ ವಿರಾಮದ ಸಮಯವನ್ನು ಹೊಂದಿಸಲು ಮೊದಲೇ ಲಿಖಿತವಾಗಿ ಕೋರಬಹುದು. ಮಕ್ಕಳನ್ನು ಮಸೀದಿಗೆ ಕರೆದೊಯ್ದು ಮರಳಿ ತರಗತಿಗೆ ತಲುಪಿಸುವ ಜವಾಬ್ದಾರಿಯನ್ನು ಇಬ್ಬರು ಹಿರಿಯರು ವಹಿಸಿಕೊಳ್ಳಬಹುದು. ಸಮುದಾಯ ಮಾಡಬೇಕಾದ ಏರ್ಪಾಡಿನ ಹೊರೆಯನ್ನು ಒಬ್ಬ ಶಿಕ್ಷಕಿಯ ನೌಕರಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನೊಂದು ಪ್ರಶ್ನೆ ನಮ್ಮ ಆಡಳಿತದ ಶಾಲೆಗಳದ್ದು. ಮುಸ್ಲಿಮ್ ಸಂಸ್ಥೆಗಳು ನಡೆಸುವ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಹಿಂದೂ ಮತ್ತು ಕ್ರೈಸ್ತ ಮಕ್ಕಳೂ ಓದುತ್ತಾರೆ. ದೀನಿಯಾತ್ ತರಗತಿಯ ಸಮಯದಲ್ಲಿ ಆ ಮಕ್ಕಳಿಗೆ ಬೇರೆ ಪಾಠವಿದೆಯೇ? ಬೆಳಗಿನ ಸಭೆಯಲ್ಲಿ ಅವರು ಸುಮ್ಮನೆ ನಿಲ್ಲುವ ಸ್ವಾತಂತ್ರ್ಯ ಹೊಂದಿದ್ದಾರೆಯೇ? ಅವರ ಹೆತ್ತವರಿಂದ ಸಮ್ಮತಿ ಪಡೆಯಲಾಗಿದೆಯೇ? ಕ್ರೈಸ್ತ ಶಾಲೆಯಲ್ಲಿ ನಮ್ಮ ಮಗುವಿಗೆ ಏನನ್ನು ಬಯಸುತ್ತೇವೆಯೋ ಅದನ್ನೇ ನಮ್ಮ ಶಾಲೆಯಲ್ಲಿ ಅವರ ಮಗುವಿಗೆ ನೀಡುವುದು ನಮ್ಮ ಮೇಲಿನ ಹೊಣೆ. ಧರ್ಮದಲ್ಲಿ ಬಲಾತ್ಕಾರ ಸಲ್ಲದೆಂಬ ಕುರ್‌ಆನಿನ (2:256) ಆದೇಶ ನಮ್ಮನ್ನು ರಕ್ಷಿಸುವುದಕ್ಕಷ್ಟೇ ಇರುವುದಲ್ಲ, ನಮ್ಮನ್ನು ಬಂಧಿಸುವುದಕ್ಕೂ ಇದೆ.

ಈ ವಿಷಯದಲ್ಲಿ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಇಟ್ಟಿರುವ ಹೆಜ್ಜೆ ಗಮನಾರ್ಹ. ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು 2024ರಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ನೀಡಿತು. ಅನ್ಯಧರ್ಮೀಯ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯಗಳನ್ನು ಹೇರಬಾರದು, ಎಲ್ಲ ಧರ್ಮದವರಿಗೂ ಒದಗುವ ಪ್ರಾರ್ಥನಾ ಕೊಠಡಿ ಇರಲಿ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಲಿ ಎಂಬುದು ಅದರ ಸಲಹೆಗಳಲ್ಲಿ ಸೇರಿದೆ. ಹಾಗಾಗಿ ಕ್ಯಾಥೊಲಿಕ್ ಶಾಲೆಗೆ ತೆರಳಿ ತಮ್ಮ ಮಗುವಿನ ಕುರಿತು ವಿನಂತಿಸುವ ಮುಸ್ಲಿಮ್ ತಂದೆತಾಯಿ ಯಾವ ಕೃಪೆಯನ್ನೂ ಬೇಡುತ್ತಿಲ್ಲ. ಆ ಧರ್ಮದ ಹಿರಿಯರೇ ಒಪ್ಪಿದ ಮಾತನ್ನು ನೆನಪಿಸುತ್ತಿದ್ದಾರೆ, ಅಷ್ಟೆ.

ಮಗುವಿನ ಅಂತಃಸಾಕ್ಷಿಗೆ ನಮ್ಮ ದೇಶದಲ್ಲಿ ಎಂತಹ ರಕ್ಷಣೆಯಿದೆ ಎಂಬುದಕ್ಕೆ ಕೇರಳದ ಒಂದು ಪ್ರಕರಣ ಸಾಕ್ಷಿ. ಯೆಹೋವನ ಸಾಕ್ಷಿಗಳು ಎಂಬ ಪುಟ್ಟ ಕ್ರೈಸ್ತ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಮ್ ಕೋರ್ಟ್ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಆ ಮಕ್ಕಳ ಪರ ತೀರ್ಪಿತ್ತಿತು. ಮೂವರು ಕ್ರೈಸ್ತ ಮಕ್ಕಳಿಗಾಗಿ ತೆರೆದ ಆ ಬಾಗಿಲಿನಲ್ಲಿ ಇಂದು ಮುಸ್ಲಿಮ್ ಮಗುವೂ ನಿಲ್ಲಬಹುದು, ಹಿಂದೂ ಮಗುವೂ ನಿಲ್ಲಬಹುದು. ಅಲ್ಪಸಂಖ್ಯಾತರ ಹಕ್ಕುಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ಹೀಗೆ.

ಹಾಗಾದರೆ ಹೆತ್ತವರು ಮಾಡಬೇಕಾದುದೇನು? ಪ್ರವೇಶ ಅರ್ಜಿಯ ಕೊನೆಯ ಪುಟದ ಸಣ್ಣ ಅಕ್ಷರಗಳನ್ನೂ ಓದಿರಿ. ಓದಲಾಗದಿದ್ದರೆ ಓದಬಲ್ಲವರಿಂದ ಓದಿಸಿ ಕೇಳಿರಿ. ಧರ್ಮೋಪದೇಶದ ಅವಧಿ ಇದೆಯೇ, ಆಗ ನಮ್ಮ ಮಗು ಎಲ್ಲಿರುತ್ತದೆ, ಪ್ರಾರ್ಥನೆಯ ವೇಳೆ ಮೌನವಾಗಿ ನಿಲ್ಲಬಹುದೇ, ಶುಕ್ರವಾರದ ಏರ್ಪಾಡೇನು ಎಂಬ ಪ್ರಶ್ನೆಗಳನ್ನು ಸೇರಿಸುವ ಮೊದಲೇ ಮುಖ್ಯೋಪಾಧ್ಯಾಯರಲ್ಲಿ ಸೌಜನ್ಯದಿಂದ ಕೇಳಿರಿ. ಉತ್ತರ ತೃಪ್ತಿಕರವಲ್ಲದಿದ್ದರೆ ಲಿಖಿತವಾಗಿ ಮನವಿ ನೀಡಿ ಅದರ ಪ್ರತಿಯನ್ನು ಇಟ್ಟುಕೊಳ್ಳಿರಿ. ಮಗುವಿನ ಪುಸ್ತಕದ ಒಂದು ಪುಟವನ್ನು ಮೊಬೈಲಿನಲ್ಲಿ ಹರಿಯಬಿಟ್ಟು ಊರನ್ನು ಕೆರಳಿಸುವ ಕೆಲಸ ಮಾತ್ರ ಬೇಡ. ಆ ಆಯುಧವನ್ನು ನಮ್ಮ ಮೇಲೆ ಪ್ರಯೋಗಿಸಿದಾಗ ಆಗುವ ನೋವನ್ನು ಬಲ್ಲವರು ನಾವು.

ಇದೆಲ್ಲಕ್ಕಿಂತ ದೊಡ್ಡ ಕೆಲಸ ಮನೆಯೊಳಗಿದೆ. "ಅಮ್ಮೀ, ಈಸಾ ದೇವರ ಮಗ ಅಂತ ಶಾಲೆಯಲ್ಲಿ ಹೇಳುತ್ತಾರಲ್ಲ, ನಾವೇಕೆ ಹಾಗೆ ಹೇಳುವುದಿಲ್ಲ?" ಎಂದು ಮಗು ಕೇಳಿದರೆ ಎಷ್ಟು ಮನೆಗಳಲ್ಲಿ ಉತ್ತರ ಸಿದ್ಧವಿದೆ? ಗದರಿಸಿ ಸುಮ್ಮನಾಗಿಸಿದ ಪ್ರಶ್ನೆ ಮಗುವಿನ ಮನಸ್ಸಿನಲ್ಲಿ ಬೆಳೆಯುತ್ತಲೇ ಇರುತ್ತದೆ. ಮರ್ಯಮ್(ಅ)ರ ಕಥೆಯನ್ನು ಕುರ್‌ಆನ್‌ನಿಂದ ಮಗುವಿಗೆ ಹೇಳಿ, ನಮ್ಮ ನಂಬಿಕೆ ಇದು, ನಿನ್ನ ಗೆಳತಿಯ ನಂಬಿಕೆ ಅದು, ಅವಳ ನಂಬಿಕೆಯನ್ನು ಗೇಲಿ ಮಾಡಬಾರದು ಎಂದು ವಿವರಿಸಲು ಹದಿನೈದು ನಿಮಿಷ ಸಾಕು. ಮಗುವನ್ನು ಮದ್ರಸಕ್ಕೆ ಕಳುಹಿಸಿ ಕೈತೊಳೆದುಕೊಳ್ಳುವ, ಅರ್ಥವಿಲ್ಲದ ಕಂಠಪಾಠಕ್ಕೆ ತೃಪ್ತರಾಗುವ ನಮ್ಮ ಅಭ್ಯಾಸವೇ ಕಾನ್ವೆಂಟಿನ ಕುರಿತ ನಮ್ಮ ಭಯದ ಮೂಲ.

ಮಕ್ಕಾದ ಹಿಂಸೆಯಿಂದ ಪಾರಾಗಲು ಮೊದಲ ಮುಸ್ಲಿಮರ ತಂಡ ಆಶ್ರಯ ಅರಸಿ ಹೋದದ್ದು ಅಬಿಸೀನಿಯದ ಕ್ರೈಸ್ತ ದೊರೆ ನಜ್ಜಾಶಿಯ ಬಳಿಗೆ. ಆತನ ಆಸ್ಥಾನದಲ್ಲಿ ಜಅ್‌ಫರ್(ರ) ಮರ್ಯಮ್ ಅಧ್ಯಾಯವನ್ನು ಓದಿ ಕೇಳಿಸಿದರು. ಈಸಾ(ಅ)ರ ಬಗ್ಗೆ ತಮ್ಮ ನಂಬಿಕೆಯೇನೆಂದು ವಿಚಾರಿಸಿದಾಗ, ಆಶ್ರಯದಾತ ಮುನಿದಾನೆಂದು ಹೆದರಿ ಅವರು ಮಾತನ್ನು ಬದಲಿಸಲಿಲ್ಲ. ದೊರೆ ಭಿನ್ನ ನಂಬಿಕೆಯವರೆಂದು ಅವರನ್ನು ಶತ್ರುಗಳ ಕೈಗೆ ಒಪ್ಪಿಸಲೂ ಇಲ್ಲ. ನಮ್ಮ ಜಿಲ್ಲೆಯ ಮುಸ್ಲಿಮರು ಮತ್ತು ಕ್ರೈಸ್ತರು ತಮ್ಮ ಮಕ್ಕಳ ಶಾಲೆಗಳಲ್ಲಿ ಇದೇ ಎರಡು ಗುಣಗಳನ್ನು ಉಳಿಸಿಕೊಳ್ಳಲಿ. ಮುಂದಿನ ಬಾರಿ ಯಾವುದಾದರೂ ಬೀದಿಯಲ್ಲಿ ಯಾರದಾದರೂ ಗ್ರಂಥಕ್ಕೆ ಬೆಂಕಿ ಹಚ್ಚಲು ಕೈಗಳು ಮುಂದಾದರೆ, ಅದು ಯಾರ ಗ್ರಂಥವೆಂದು ವಿಚಾರಿಸದೆ ತಡೆಯಲು ನಿಲ್ಲುವವರಲ್ಲಿ ನಾವೂ ಇರೋಣ.