ಸಂವಾದ, ಸಂಸ್ಕೃತಿ, ನ್ಯಾಯ: ಕರಾವಳಿಯ ಕ್ರೈಸ್ತ ಚಿಂತನೆ ಮತ್ತು ಕನ್ನಡ ಅಧ್ಯಯನ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಕ್ರೈಸ್ತರನ್ನು ಕುರಿತ ಅಧ್ಯಾಯವು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತದೆ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದುದು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು, ದಾಸರ ಪದಗಳು ಕಲ್ಲಚ್ಚು ಕಂಡುದು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಪ್ರಕಟವಾದುದು - ಈ ಪಟ್ಟಿ ಮುಗಿದೊಡನೆ ಅಧ್ಯಾಯವೂ ಮುಗಿಯುತ್ತದೆ. ಕೃತಜ್ಞತೆಯ ಈ ಧಾಟಿಯಲ್ಲಿ ಒಂದು ಅವ್ಯಕ್ತ ತೀರ್ಮಾನ ಅಡಗಿದೆ. ಕ್ರೈಸ್ತರು ಕನ್ನಡಕ್ಕೆ ಉಪಕರಣಗಳನ್ನು ಕೊಟ್ಟರು. ವಿಚಾರಗಳನ್ನು ಕೊಡಲಿಲ್ಲ ಎಂಬುದೇ ಆ ತೀರ್ಮಾನ. ನಿಘಂಟು, ಅಚ್ಚಿನ ಮೊಳೆ, ವ್ಯಾಕರಣ ಎಲ್ಲರ ಆಸ್ತಿಯಾದವು. ಅವುಗಳ ಹಿಂದಿದ್ದ ನಂಬಿಕೆ ಮತ್ತು ಆ ನಂಬಿಕೆಯೊಳಗೇ ಹುಟ್ಟಿದ ಆತ್ಮವಿಮರ್ಶೆ ಮಾತ್ರ ಚರ್ಚಿನ ಗೋಡೆಯೊಳಗೆ ಉಳಿದವು. ಈ ವಿಂಗಡಣೆಯನ್ನು ಮರುಪರಿಶೀಲಿಸಬೇಕಾದ ಅಗತ್ಯವಿದೆ.

ಇದಕ್ಕೆ ಬಹುಮುಖ್ಯ ನಿದರ್ಶನ ಸ್ಟ್ಯಾನ್ಲಿ ಜೆ. ಸಮರ್ಥ. 1920ರಲ್ಲಿ ಕಾರ್ಕಳದಲ್ಲಿ ಜನಿಸಿ, ಬಾಸೆಲ್ ಮಿಶನ್ ಸಭೆಯ ಪರಂಪರೆಯಲ್ಲಿ ಬೆಳೆದ ಇವರು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ, ಆನಂತರ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಮತ್ತು ಅಮೆರಿಕದಲ್ಲಿ ವ್ಯಾಸಂಗ ಮಾಡಿದರು. ಮಂಗಳೂರಿನ ದೇವಶಾಸ್ತ್ರ ಶಾಲೆಯಲ್ಲಿ, ಬೆಂಗಳೂರಿನಲ್ಲಿ, ಸೆರಾಂಪುರದಲ್ಲಿ ಅಧ್ಯಾಪನ ಮತ್ತು ಆಡಳಿತದ ಹೊಣೆ ಹೊತ್ತರು. ಜಿನೀವಾದ ಜಾಗತಿಕ ಚರ್ಚುಗಳ ಮಂಡಳಿಯು 1971ರಲ್ಲಿ ಅನ್ಯಧರ್ಮೀಯರೊಡನೆ ಸಂವಾದಕ್ಕಾಗಿಯೇ ಒಂದು ವಿಭಾಗವನ್ನು ತೆರೆದಾಗ ಅದರ ಮೊದಲ ನಿರ್ದೇಶಕರಾದವರು ಇವರೇ. 1980ರವರೆಗೆ ಆ ಸ್ಥಾನದಲ್ಲಿದ್ದು, 2001ರಲ್ಲಿ ನಿಧನರಾದರು. ಕಾರ್ಕಳದಿಂದ ಹೊರಟು ಜಗತ್ತಿನ ಪ್ರಾಟೆಸ್ಟಂಟ್ ಚಿಂತನೆಯ ದಿಕ್ಕನ್ನು ಪ್ರಭಾವಿಸಿದ ಈ ವಿದ್ವಾಂಸರು ಕನ್ನಡ ವಿಭಾಗಗಳ ಚರ್ಚೆಯಲ್ಲಿ ಕಾಣಸಿಗುವುದು ತೀರ ವಿರಳ. ಅವರ ಪ್ರಮುಖ ಬರವಣಿಗೆ ಇಂಗ್ಲಿಷಿನಲ್ಲಿದೆ ಎಂಬುದು ಒಂದು ಕಾರಣವಿರಬಹುದು, ಅದೊಂದೇ ಕಾರಣವಾಗಿರಲಾರದು.

ಸಮರ್ಥರ ವಿಚಾರದ ತಿರುಳನ್ನು ಹೀಗೆ ಸಂಗ್ರಹಿಸಬಹುದು. ದೈವವು ಕೊನೆಗೂ ಒಂದು ರಹಸ್ಯ. ಅದನ್ನು ಯಾವ ಧರ್ಮವೂ, ಯಾವ ಸಿದ್ಧಾಂತವೂ ಪೂರ್ತಿಯಾಗಿ ಹಿಡಿದಿಡಲಾರದು. ಕ್ರೈಸ್ತನಾದವನು ಕ್ರಿಸ್ತನಿಗೆ ನಿಷ್ಠನಾಗಿದ್ದುಕೊಂಡೇ, ನೆರೆಯವನ ನಂಬಿಕೆಯಲ್ಲಿಯೂ ದೇವರ ಕೆಲಸವನ್ನು ಗುರುತಿಸಬಲ್ಲನು. ‘ದಿ ಹಿಂದೂ ರೆಸ್ಪಾನ್ಸ್ ಟು ದಿ ಅನ್‌ಬೌಂಡ್ ಕ್ರೈಸ್ಟ್’ (1974) ಕೃತಿಯಲ್ಲಿ ಅವರು ರಾಮಮೋಹನ ರಾಯ್, ಗಾಂಧೀಜಿ, ರಾಧಾಕೃಷ್ಣನ್ ಮೊದಲಾದವರು ಚರ್ಚಿನ ಚೌಕಟ್ಟಿನ ಹೊರಗೆ ನಿಂತು ಕ್ರಿಸ್ತನಿಗೆ ಸ್ಪಂದಿಸಿದ ಬಗೆಯನ್ನು ವಿಶ್ಲೇಷಿಸಿದರು. 1975ರಲ್ಲಿ ನೈರೋಬಿಯಲ್ಲಿ ಸೇರಿದ ಜಾಗತಿಕ ಮಂಡಳಿಯ ಅಧಿವೇಶನದಲ್ಲಿ, ಸಂವಾದವೆಂಬುದು ಸುವಾರ್ತೆಯ ಕೆಲಸವನ್ನು ದುರ್ಬಲಗೊಳಿಸುತ್ತದೆ, ಧರ್ಮಗಳ ಕಲಬೆರಕೆಗೆ ದಾರಿ ಮಾಡುತ್ತದೆ ಎಂಬ ತೀವ್ರ ವಿರೋಧ ವ್ಯಕ್ತವಾಯಿತು. ಆದರೂ ಅವರು ಹಿಂದೆಗೆಯಲಿಲ್ಲ. ಮುಂದೆ 1991ರ ‘ಒನ್ ಕ್ರೈಸ್ಟ್ - ಮೆನಿ ರಿಲಿಜನ್ಸ್’ ಗ್ರಂಥದಲ್ಲಿ, ಮೇಲಿನಿಂದ ಸದ್ದು ಮಾಡುತ್ತ, ಧೂಳೆಬ್ಬಿಸುತ್ತ ಇಳಿಯುವ ಹೆಲಿಕಾಪ್ಟರನ್ನೂ ಏಷ್ಯಾದ ಮಣ್ಣುದಾರಿಗೆ ಗಾಲಿ ತಾಗಿಸಿಕೊಂಡೇ ಚಲಿಸುವ ಎತ್ತಿನಗಾಡಿಯನ್ನೂ ಎರಡು ಬಗೆಯ ಕ್ರಿಸ್ತಶಾಸ್ತ್ರಗಳಿಗೆ ರೂಪಕವಾಗಿಸಿದರು. ನೆಲದ ಘರ್ಷಣೆಯಿಲ್ಲದೆ ಗಾಡಿ ಮುಂದೆ ಸಾಗದು ಎಂಬುದು ಅವರ ವಾದ.

ಈ ರೂಪಕವನ್ನು ಅವರು ಹುಟ್ಟಿದ ನೆಲದ ಮೇಲಿಟ್ಟು ನೋಡುವುದು ಉಚಿತ. 1432ರಲ್ಲಿ ಸ್ಥಾಪಿತವಾದ ಗೊಮ್ಮಟ, 1586ರ ಚತುರ್ಮುಖ ಬಸದಿ, ವೆಂಕಟರಮಣ ದೇವಾಲಯ, 1759ರಲ್ಲಿ ಆರಂಭವಾಗಿ 2016ರಲ್ಲಿ ಬೆಸಿಲಿಕಾ ಪದವಿ ಪಡೆದ ಅತ್ತೂರಿನ ಸಂತ ಲಾರೆನ್ಸ್ ಚರ್ಚು - ಇವೆಲ್ಲ ಕಾರ್ಕಳದ ಒಂದೇ ಪರಿಸರದಲ್ಲಿವೆ. ಅತ್ತೂರಿನ ವಾರ್ಷಿಕ ಸಾಂತ್‌ಮಾರಿಯಲ್ಲಿ ಮೇಣದಬತ್ತಿ ಹರಕೆ ಸಲ್ಲಿಸುವವರೆಲ್ಲರೂ ಕ್ರೈಸ್ತರಲ್ಲ. ಜಿನೀವಾದಲ್ಲಿ ಸಂವಾದಕ್ಕೆ ವಿಭಾಗ ತೆರೆಯುವುದಕ್ಕೆ ಎಷ್ಟೋ ಮೊದಲೇ ಇಲ್ಲಿನ ಜನ ಸಿದ್ಧಾಂತದ ಹಂಗಿಲ್ಲದೆ ಅದನ್ನು ಬಾಳುತ್ತಿದ್ದರು. ಸಮರ್ಥರ ಚಿಂತನೆಯನ್ನು ಪಾಶ್ಚಾತ್ಯ ಉದಾರವಾದದ ಪ್ರತಿಧ್ವನಿಯೆಂದು ತಳ್ಳಿಹಾಕುವವರು ಈ ಹಿನ್ನೆಲೆಯನ್ನು ಗಮನಿಸಬೇಕು.

ಆದರೆ ಇಷ್ಟಕ್ಕೇ ನಿಂತರೆ ವಿಷಯ ಅರ್ಧವಾಗುತ್ತದೆ. ಸಂಸ್ಕೃತಿಯನ್ನು ಅಪ್ಪಿಕೊಳ್ಳುವ ನಂಬಿಕೆಯು ಆ ಸಂಸ್ಕೃತಿಯೊಳಗಿನ ಅನ್ಯಾಯವನ್ನು ಏನು ಮಾಡುತ್ತದೆ ಎಂಬುದು ಇಲ್ಲಿನ ಕಠಿಣ ಪ್ರಶ್ನೆ. ಕರಾವಳಿಯ ಚರಿತ್ರೆ ಇದಕ್ಕೆ ಎರಡು ವಿರುದ್ಧ ಉತ್ತರಗಳನ್ನು ಕೊಟ್ಟಿದೆ. ಬಾಸೆಲ್ ಮಿಶನ್ ಸಭೆಯೊಳಗೆ ಜಾತಿಗೆ ಎಡೆಯಿಲ್ಲವೆಂದು ಹಟ ಹಿಡಿಯಿತು. ಬಿಲ್ಲವರೇ ಮೊದಲಾದ ಸಮುದಾಯಗಳಿಂದ ಬಂದವರು ಮೂರ್ತೆಯ ಕಸುಬನ್ನು ಬಿಡಬೇಕಾಗಿ ಬಂದಾಗ ನೇಯ್ಗೆಯನ್ನೂ 1865ರಿಂದ ಹೆಂಚಿನ ಕಾರ್ಖಾನೆಗಳನ್ನೂ ತೆರೆದು ಬದಲಿ ದುಡಿಮೆ ಒದಗಿಸಿತು. ಅದೇ ಮಿಶನ್ ಭೂತಾರಾಧನೆಯನ್ನೂ ಕೋಲವನ್ನೂ ಸೈತಾನನ ಪಾಲಿಗೆ ಸೇರಿಸಿ, ಮನುಷ್ಯರನ್ನು ಅವರ ಪಾಡ್ದನಗಳಿಂದ ಕತ್ತರಿಸಿತು. ಆ ಪಾಡ್ದನಗಳನ್ನು ಸಂಗ್ರಹಿಸಿ ಅಚ್ಚು ಹಾಕಿದವರೂ ಮಿಶನರಿಗಳೇ ಎಂಬುದು ಚರಿತ್ರೆಯ ವ್ಯಂಗ್ಯ. ಇನ್ನೊಂದೆಡೆ ಕೊಂಕಣಿ ಕಥೋಲಿಕ ಸಮಾಜವು ಭಾಷೆ, ಮದುವೆಯ ಶಾಸ್ತ್ರ, ಊಟೋಪಚಾರಗಳನ್ನು ಹೊಸ ನಂಬಿಕೆಯೊಳಕ್ಕೆ ಉಳಿಸಿಕೊಂಡಿತು. ಜೊತೆಗೆ ಬಾಮಣ್, ಚಾರಡಿ, ಶೂದಿರ್ ಎಂಬ ಶ್ರೇಣಿಯನ್ನೂ ಉಳಿಸಿಕೊಂಡಿತು. ಒಂದು ಕಡೆ ಸಮಾನತೆಗಾಗಿ ಸಂಸ್ಕೃತಿಯ ಬಲಿ, ಮತ್ತೊಂದು ಕಡೆ ಸಂಸ್ಕೃತಿಯೊಡನೆ ಜಾತಿಯ ಉಳಿವು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ನೀಡಿದ ಉಪನ್ಯಾಸವು ಈ ಗಂಟಿಗೇ ಕೈಹಾಕಿತು. ದಲಿತ ದೇವಶಾಸ್ತ್ರವೆಂದು ಮುಂದೆ ಪ್ರಸಿದ್ಧವಾದ ಚಿಂತನೆಯ ಆರಂಭ ಅಲ್ಲಿದೆ. ಭಾರತೀಯ ಕ್ರೈಸ್ತ ಚಿಂತಕರು ವೇದಾಂತದೊಡನೆ ಮಾತನಾಡಿದ್ದನ್ನೇ ಭಾರತದೊಡನೆ ಮಾತನಾಡಿದಂತೆ ಭಾವಿಸಿದರು. ಸಭೆಯಲ್ಲಿ ಬಹುಸಂಖ್ಯಾತರಾದ ದಲಿತರ ಅನುಭವ ಅವರ ಗ್ರಂಥಗಳಿಗೆ ತಾಗಲಿಲ್ಲ ಎಂಬುದು ನಿರ್ಮಲ್ ಅವರ ಆಕ್ಷೇಪದ ಸಾರ. ಧರ್ಮಗಳು ನ್ಯಾಯಕ್ಕಾಗಿ ಕೈಜೋಡಿಸಬೇಕೆಂದು ಸಮರ್ಥರು ಬರೆದುದು ನಿಜವಾದರೂ, ಅವರು ಸಂವಾದಕ್ಕೆ ಆರಿಸಿಕೊಂಡ ಹಿಂದೂ ಚಿಂತಕರ ಸಾಲನ್ನು ನೋಡಿದರೆ ಈ ಆಕ್ಷೇಪ ಅವರಿಗೂ ಅನ್ವಯಿಸುತ್ತದೆ ಎನ್ನಬೇಕಾಗುತ್ತದೆ.

ಉಡುಪಿಯ ಪರಿಸರದಲ್ಲಿ ಈ ಪ್ರಶ್ನೆ ಅಮೂರ್ತವಲ್ಲ. ಕೊರಗರ ಡೋಲು ಸಂಸ್ಕೃತಿಯೇ. ಅದೇ ಡೋಲನ್ನು ಅವರಿಂದ ಬಲವಂತವಾಗಿ ಬಾರಿಸಿಕೊಂಡ, ಕೂದಲು ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸಿದ ಅಜಲು ಪದ್ಧತಿಯೂ ಸಂಸ್ಕೃತಿಯ ಹೆಸರಿನಲ್ಲಿಯೇ ನಡೆದುಬಂದಿತು. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಡೋಲನ್ನು ಉಳಿಸಿಕೊಂಡು ಅಜಲನ್ನು ತಿರಸ್ಕರಿಸುವ ವಿವೇಕವೇ ಪ್ರಗತಿಪರ ನಂಬಿಕೆಯ ಪರೀಕ್ಷೆ. ಈ ಪರೀಕ್ಷೆ ಪ್ರಭುತ್ವಕ್ಕೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶವನ್ನು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲಾಯಿತು. ದಲಿತ ಕ್ರೈಸ್ತರು ಮತ್ತು ದಲಿತ ಮುಸ್ಲಿಮರು ಹೊರಗೇ ಉಳಿದರು. ಧರ್ಮ ಬದಲಾದರೆ ಜಾತಿಯ ಅವಮಾನ ತಾನಾಗಿ ಅಳಿಯುತ್ತದೆಂಬ ಊಹೆಯನ್ನು ಕರಾವಳಿಯ ಚರ್ಚುಗಳ ಚರಿತ್ರೆಯೇ ಸುಳ್ಳಾಗಿಸುತ್ತದೆ.

2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚು ಮತ್ತು ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. 2022ರ ಮಾರ್ಚಿಯಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯ ಸಂದರ್ಭದಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಲಾಯಿತು. ಎರಡನೆಯದರಲ್ಲಿ ಕ್ರೈಸ್ತರು ನೇರ ಕಕ್ಷಿಗಳಲ್ಲ. ಆದರೆ ಸಂವಾದವನ್ನು ತನ್ನ ರಕ್ಷಣೆಗೆ ಮಾತ್ರ ಬಳಸುವ ಸಮುದಾಯವು ಸಂವಾದದ ಅರ್ಥವನ್ನೇ ತಿಳಿದಿಲ್ಲ. ಸಂವಾದ ಮುರಿದಾಗ ಮೊದಲು ಮುಚ್ಚುವುದು ದೇವಶಾಸ್ತ್ರದ ಗ್ರಂಥವಲ್ಲ, ಜಾತ್ರೆಯಲ್ಲಿ ಬಡವನು ಹಾಕುವ ಅಂಗಡಿ. ಧರ್ಮಗಳ ನಡುವಣ ಮಾತುಕತೆಯು ಅನ್ನದ ಪ್ರಶ್ನೆಯಿಂದ ಬೇರೆಯಲ್ಲ ಎಂಬುದನ್ನು ಕಾಪುವಿನ ಘಟನೆ ತೋರಿಸಿಕೊಟ್ಟಿದೆ.

ಕ್ರೈಸ್ತ ದೇವಶಾಸ್ತ್ರ ಸೆಮಿನರಿಗಳ ವಿಷಯ, ಕನ್ನಡ ವಿಭಾಗಗಳದ್ದಲ್ಲ ಎಂಬ ಆಕ್ಷೇಪ ಬರಬಹುದು. ಪಂಪನನ್ನು ಜೈನರು ಮಾತ್ರ ಓದಬೇಕೆಂದು ಯಾರೂ ಹೇಳುವುದಿಲ್ಲ. ರತ್ನಾಕರವರ್ಣಿಯ ಯೋಗಭೋಗಗಳ ಚರ್ಚೆ, ವಚನಗಳ ಷಟ್‌ಸ್ಥಲ, ದಾಸರ ದ್ವೈತ ಇವೆಲ್ಲ ಕನ್ನಡ ತರಗತಿಯ ಸಹಜ ವಸ್ತುಗಳು. ಆ ನ್ಯಾಯ ಕ್ರೈಸ್ತ ಚಿಂತನೆಗೆ ಮಾತ್ರ ಸಲ್ಲದೆಂಬುದಕ್ಕೆ ಆಧಾರವಿಲ್ಲ. ಸಂವಾದವು ಮತಾಂತರದ ಮುಸುಕು ಎಂಬುದು ಇನ್ನೊಂದು ಶಂಕೆ. ಸಂವಾದದಿಂದ ಮತಪ್ರಚಾರ ಸೊರಗುತ್ತದೆಂದು ನೈರೋಬಿಯಲ್ಲಿ ಸ್ವಧರ್ಮೀಯರೇ ಸಮರ್ಥರನ್ನು ಟೀಕಿಸಿದುದು ಈ ಶಂಕೆಗೆ ತಕ್ಕ ಉತ್ತರ.

ಆದ್ದರಿಂದ ಕೆಲವು ಕೆಲಸಗಳು ತುರ್ತಾಗಿ ಆಗಬೇಕಿವೆ. ಸಮರ್ಥರ ಆಯ್ದ ಬರಹಗಳು ಕನ್ನಡಕ್ಕೆ ಬರಬೇಕು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ, ಮಣಿಪಾಲದ ವಿಶ್ವವಿದ್ಯಾಲಯ ಪ್ರಕಾಶನಗಳಂಥ ನೆಲೆಗಳು ಹತ್ತಿರದಲ್ಲಿಯೇ ಇರುವಾಗ ಇದು ಅಸಾಧ್ಯವಲ್ಲ. ಕ್ರಿಸ್ತನ ಚರಿತೆಯನ್ನು ಕನ್ನಡ ಛಂದಸ್ಸಿಗೆ ತಂದ ಕಿಟೆಲ್ ಅವರ ‘ಕಥಾಮಾಲೆ’ (1862), ಮಂಜೇಶ್ವರದ ಗೋವಿಂದ ಪೈಯವರ ‘ಗೊಲ್ಗೊಥಾ’, ಸಮರ್ಥರ 1974ರ ಗ್ರಂಥ - ಈ ಮೂರನ್ನೂ ಒಟ್ಟಿಗಿರಿಸಿ ಓದುವ ಪತ್ರಿಕೆಯೊಂದನ್ನು ಸ್ನಾತಕೋತ್ತರ ತರಗತಿಗಳಲ್ಲಿ ರೂಪಿಸಬಹುದು. ಕ್ರೈಸ್ತನೊಬ್ಬ ಕನ್ನಡದ ಮಟ್ಟಿನಲ್ಲಿ ಕ್ರಿಸ್ತನನ್ನು ಹಾಡಿದುದು, ವೈಷ್ಣವ ಮನೆತನದ ಕವಿಯೊಬ್ಬ ಕ್ರಿಸ್ತನ ಕೊನೆಯ ದಿನವನ್ನು ಕಾವ್ಯವಾಗಿಸಿದುದು, ಇಂಥ ಸ್ಪಂದನಗಳ ಅರ್ಥವನ್ನು ಕಾರ್ಕಳದ ಕ್ರೈಸ್ತ ವಿದ್ವಾಂಸ ಶೋಧಿಸಿದುದು ಒಂದೇ ಸಂಕಥನದ ಭಾಗಗಳು. ಇವುಗಳ ಜೊತೆಗೆ ಕೊರಗರ ಮತ್ತು ದಲಿತ ಕ್ರೈಸ್ತರ ಮೌಖಿಕ ನಿರೂಪಣೆಗಳನ್ನು ಕ್ಷೇತ್ರಕಾರ್ಯದ ಮೂಲಕ ಸಂಗ್ರಹಿಸಿ ಇಡದಿದ್ದರೆ ಆ ಸಂಕಥನವೂ ವಿದ್ವಾಂಸರ ನಡುವಣ ಸೌಜನ್ಯದ ವಿನಿಮಯವಾಗಿ ಮುಗಿದೀತು. ಸಮರ್ಥರ ಗಾಡಿ ಮಣ್ಣುದಾರಿಯಲ್ಲಿ ಸಾಗಬೇಕೆಂದರೆ ಅದು ಬಸದಿ, ಮಠ, ಚರ್ಚುಗಳನ್ನು ಹಾದು ಕೊರಗರ ಕೇರಿಯವರೆಗೂ ಹೋಗಬೇಕು. ಅಲ್ಲಿಯವರೆಗೆ ಹೋಗುವ ದಾರಿಯನ್ನು ದೇವಶಾಸ್ತ್ರಕ್ಕಿಂತ ಚೆನ್ನಾಗಿ ತೋರಬಲ್ಲದ್ದು ಜನರ ಮಾತನ್ನೇ ತನ್ನ ಅಧ್ಯಯನದ ವಸ್ತುವಾಗಿಸಿಕೊಂಡ ಕನ್ನಡ ವಿಭಾಗ.