ಹಳೆಯ ಸರಪಣಿ ಟ್ರಾಕ್ಟರುಗಳ ಗುರುತು

ಚಕ್ರಗಳಿಗೆ ಬದಲಾಗಿ ಎರಡು ಕಬ್ಬಿಣದ ಸರಪಣಿಗಳ ಮೇಲೆ ತೆವಳುತ್ತ, ನೆಲವನ್ನು ನಡುಗಿಸುತ್ತ ಬರುತ್ತಿದ್ದ ಟ್ರಾಕ್ಟರನ್ನು ಬಾಲ್ಯದಲ್ಲಿ ಕಂಡವರು ತುಮಕೂರಿನ ಸುತ್ತಮುತ್ತಲೂ, ಗುಬ್ಬಿ ಕುಣಿಗಲು ತಾಲ್ಲೂಕುಗಳಲ್ಲಿಯೂ ಇನ್ನೂ ಇದ್ದಾರೆ. ಹೊಲವನ್ನು ಸಮಮಾಡುವಾಗ ಕಂಡವರುಂಟು; ಕೆರೆಯ ಏರಿಗೆ ಮಣ್ಣು ಹಾಕುವಾಗ ಕಂಡವರುಂಟು; ತರುವಾಯ ಹೇಮಾವತಿಯ ತುಮಕೂರು ಶಾಖಾ ನಾಲೆಯನ್ನು ತೋಡುವಾಗ ಕಂಡವರೂ ಉಂಟು. ಆದರೆ ಅದು ಯಾವ ಯಂತ್ರ, ಯಾವ ಕಾಲದ್ದು ಎಂದು ಕೇಳಿದರೆ ಖಚಿತವಾಗಿ ಹೇಳಬಲ್ಲವರು ವಿರಳ.

ಇದನ್ನು ನಿಶ್ಚಯಿಸುವುದು ವ್ಯರ್ಥವಾದ ಕುತೂಹಲವೆಂದು ಕೆಲವರು ಭಾವಿಸಬಹುದು. ಆ ಅಭಿಪ್ರಾಯವು ಸರಿಯಲ್ಲ. ಈ ಜಿಲ್ಲೆಯ ಕೆಂಪು ನೆಲದಲ್ಲಿ ಮೇಲ್ಮಣ್ಣು ಅನೇಕ ಕಡೆ ತೆಳುವಾಗಿದೆ. ದೊಡ್ಡ ಯಂತ್ರವು ಮುಂದಣ ಅಲಗಿನಿಂದ ದಿಣ್ಣೆಯನ್ನು ಕಡಿದು ತಗ್ಗಿಗೆ ತಳ್ಳಿದಾಗ, ದಿಣ್ಣೆಯಿದ್ದ ಸ್ಥಳದಲ್ಲಿ ನಿಸ್ಸಾರವಾದ ಕೆಳಮಣ್ಣು ಬಯಲಾಗುತ್ತದೆ. ಸಾರವುಳ್ಳ ಮಣ್ಣು ತಗ್ಗಿನಲ್ಲಿ ಹೂತುಹೋಗುತ್ತದೆ. ಮುಂದೆ ಆ ಹೊಲದ ಒಂದು ಮೂಲೆಯಲ್ಲಿ ರಾಗಿಯು ವರ್ಷ ವರ್ಷವೂ ಕೃಶವಾಗಿ ಬೆಳೆದರೆ, ಹಳೆಯ ಸಂಗತಿಯನ್ನರಿಯದ ಒಡೆಯನು ಬೀಜವನ್ನೋ ಮಳೆಯನ್ನೋ ದೂರುವನು. ಅರಿತವನಾದರೋ ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಹೊಂಗೆಯ ಸೊಪ್ಪುಗಳನ್ನು ಹೊಲಕ್ಕೆಲ್ಲಾ ಸಮವಾಗಿ ಹರಡದೆ ಆ ಮೂಲೆಗೆ ಹೆಚ್ಚಾಗಿ ಹಾಕುವನು. ಬಂದ ಯಂತ್ರವು ನೇಗಿಲೆಳೆಯುವ ಚಿಕ್ಕದೋ, ಮಣ್ಣು ಕಡಿಯುವ ದೊಡ್ಡದೋ ಎಂಬುದನ್ನು ತಿಳಿಯುವುದರಿಂದ ಇಷ್ಟು ಪ್ರಯೋಜನವುಂಟು.

ಗುರುತಿಸುವಲ್ಲಿ ಜನರು ಮೊದಲು ಹೇಳುವುದು ಹೆಸರನ್ನು ಮತ್ತು ಬಣ್ಣವನ್ನು. ಇವೆರಡೂ ನಂಬತಕ್ಕವುಗಳಲ್ಲ. ಇಂದು ಮಣ್ಣು ತೋಡುವ ಹಳದಿಯ ಯಂತ್ರವೆಲ್ಲವನ್ನೂ ಜೆಸಿಬಿ ಎಂದು ಕರೆಯುವಂತೆ, ಅಂದು ಸರಪಣಿಯುಳ್ಳ ಯಂತ್ರವೆಲ್ಲವೂ ಕ್ಯಾಟರ್‌ಪಿಲ್ಲರ್ ಎನಿಸಿಕೊಂಡಿತು. ಕ್ಯಾಟರ್‌ಪಿಲ್ಲರ್ ಎಂಬುದು ಅಮೆರಿಕದ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು 1925ರಲ್ಲಿ ಕೂಡಿ ಸ್ಥಾಪಿಸಿದ ಒಂದು ಕಂಪನಿಯ ಹೆಸರು. ಬಣ್ಣದ ವಿಷಯವೂ ಹಾಗೆಯೇ. ಈ ಕಂಪನಿಯು ಬೂದು ಬಣ್ಣವನ್ನು ಬಿಟ್ಟು ಹಳದಿಯನ್ನು ಹಿಡಿದದ್ದು 1931ರ ಕೊನೆಯಲ್ಲಿ. ಇಂಟರ್‌ನ್ಯಾಷನಲ್ ಕಂಪನಿಯ ಯಂತ್ರಗಳು ಕೆಂಪು, ಆಲಿಸ್ ಚಾಮರ್ಸ್ ಕಂಪನಿಯವು ಕಿತ್ತಳೆ ಬಣ್ಣದವು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಒದಗಿದವು ಮಾಸಲು ಹಸುರು. ಕೈಯಿಂದ ಕೈಗೆ ಮಾರಾಟವಾದ ಯಂತ್ರಕ್ಕೆ ಎಷ್ಟು ಬಾರಿ ಬಣ್ಣ ಬಳಿದಿರುವರೋ ಬಲ್ಲವರಾರು? ಗಾತ್ರದ ನೆನಪೂ ಸಾಲದು. ಮೂರು ಟನ್ನಿನ ಯಂತ್ರವೂ ಮಗುವಿನ ಕಣ್ಣಿಗೆ ಆನೆಯಂತೆ ತೋರುವುದು ಸಹಜ.

ಇವುಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಯಂತ್ರವನ್ನು ಚಾಲೂ ಮಾಡುತ್ತಿದ್ದ ಕ್ರಮ. ಮಕ್ಕಳು ಅದನ್ನು ನಿಂತು ನೋಡುತ್ತಿದ್ದುದರಿಂದ ವೃದ್ಧರ ನೆನಪಿನಲ್ಲಿ ಅದು ಚೆನ್ನಾಗಿ ಉಳಿದಿರುತ್ತದೆ. ಕ್ಯಾಟರ್‌ಪಿಲ್ಲರಿನ ಹಳೆಯ ಡೀಸೆಲ್ ಯಂತ್ರಗಳಲ್ಲಿ ದೊಡ್ಡ ಎಂಜಿನಿನ ಪಕ್ಕದಲ್ಲಿ ಪೆಟ್ರೋಲಿನಿಂದ ನಡೆಯುವ ಎರಡು ಸಿಲಿಂಡರಿನ ಮರಿ ಎಂಜಿನೊಂದಿತ್ತು; ಮೊದಲು ಮರಿಯನ್ನು ಚಾಲೂ ಮಾಡಿ, ಅದರ ಬಲದಿಂದ ದೊಡ್ಡದನ್ನು ತಿರುಗಿಸುತ್ತಿದ್ದರು. ಇಂಟರ್‌ನ್ಯಾಷನಲ್ಲಿನ ಟಿಡಿ ವರ್ಗದ ಯಂತ್ರಗಳಲ್ಲಿ ಮರಿ ಎಂಜಿನಿರಲಿಲ್ಲ; ಅದೇ ಎಂಜಿನು ಮೊದಲು ಪೆಟ್ರೋಲಿನಲ್ಲಿ ಸ್ವಲ್ಪ ಹೊತ್ತು ನಡೆದು, ಬಳಿಕ ಡೀಸೆಲ್ಲಿಗೆ ಹೊರಳುತ್ತಿತ್ತು. ಆಲಿಸ್ ಚಾಮರ್ಸಿನ 1940ರ ದಶಕದ ಎಚ್‌ಡಿ ಯಂತ್ರಗಳು ಬ್ಯಾಟರಿಯಿಂದ ನೇರವಾಗಿ ಚಾಲೂ ಆಗಿ, ಎರಡು ಹೊಡೆತದ ಎಂಜಿನಾದುದರಿಂದ ಕಿವಿ ಗಡಚಿಕ್ಕುವ ತೀಕ್ಷ್ಣ ಧ್ವನಿಯನ್ನು ಮಾಡುತ್ತಿದ್ದವು. ಆದರೆ ಒಂದು ಎಚ್ಚರಿಕೆ ಅವಶ್ಯಕ. ರಷ್ಯಾದ ಎಸ್-80 ಮತ್ತು ಎಸ್-100 ಯಂತ್ರಗಳಲ್ಲಿಯೂ ಮರಿ ಎಂಜಿನುಂಟು. ಆದುದರಿಂದ ಎರಕದ ಮೇಲೆ ರಷ್ಯನ್ ಅಕ್ಷರಗಳಿವೆಯೇ ಎಂದು ನೋಡತಕ್ಕದ್ದು.

ಯಂತ್ರವು ಎಲ್ಲಿಯಾದರೂ ತೆಂಗಿನ ತೋಟದ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದರೆ ಊಹೆಗೆ ಕಾರಣವೇ ಇಲ್ಲ. ನಂಬರಿನ ತಗಡು ಸಾಕು. ಉದಾಹರಣೆಗೆ, ಕ್ಯಾಟರ್‌ಪಿಲ್ಲರ್ ಡಿ-2 ಯಂತ್ರವು 1938ರಿಂದ 1957ರ ವರೆಗೆ ತಯಾರಾಯಿತು. ಅದರ ನಂಬರು 3ಜೆ ಅಥವಾ 5ಜೆ ಎಂದು ಆರಂಭವಾದರೆ ಯಂತ್ರವು 1947ಕ್ಕೆ ಹಿಂದಿನ ಮಾದರಿ. 4ಯು ಅಥವಾ 5ಯು ಎಂದಿದ್ದರೆ ನಂತರದ ಮಾದರಿ. 3ಜೆ ಮತ್ತು 4ಯು ಯಂತ್ರಗಳಲ್ಲಿ ಒಂದು ಸರಪಣಿಯ ನಡುವಿನಿಂದ ಇನ್ನೊಂದರ ನಡುವಿಗೆ 40 ಅಂಗುಲ, ಮಿಕ್ಕೆರಡರಲ್ಲಿ 50 ಅಂಗುಲ. ಅಳತೆಪಟ್ಟಿಯಿಂದ ಇದನ್ನು ತಾಳೆ ನೋಡಬಹುದು. ಎಂಜಿನಿನ ಮೇಲಣ ನಂಬರೂ ಹಿಂಬದಿಯ ಪೆಟ್ಟಿಗೆಯ ಮೇಲಣ ನಂಬರೂ ಬೇರೆಯಾಗಿದ್ದರೆ ಎಂಜಿನು ಬದಲಾಗಿರುವ ಸಂಭವವುಂಟು.

ಕಾಲನಿರ್ಣಯಕ್ಕೆ ದೇಶದ ಚರಿತ್ರೆಯೂ ಸಹಾಯಕವಾಗಿದೆ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಸೈನ್ಯವು ಬಿಟ್ಟುಹೋದ ಯಂತ್ರಗಳಿಂದ ಕೇಂದ್ರ ಟ್ರಾಕ್ಟರ್ ಸಂಸ್ಥೆಯ ಕೆಲಸವು ಮೊದಲಾಯಿತು. ಕಳೆ ತುಂಬಿದ ಭೂಮಿಯನ್ನು ಸಾಗುವಳಿಗೆ ತರುವ ಯಂತ್ರಗಳಿಗಾಗಿ 1949ರಲ್ಲಿ ವಿಶ್ವಬ್ಯಾಂಕು ಭಾರತಕ್ಕೆ ಒಂದು ಕೋಟಿ ಡಾಲರು ಸಾಲ ಕೊಟ್ಟಿತು. 1956ರಲ್ಲಿ ರಾಜಸ್ಥಾನದ ಸೂರತ್‌ಗಢದ ಕೇಂದ್ರ ಕ್ಷೇತ್ರವು ರಷ್ಯಾ ದಾನವಿತ್ತ ಯಂತ್ರಗಳಿಂದ ಆರಂಭವಾಯಿತು. ಬೆಂಗಳೂರಿನಲ್ಲಿ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಸ್ಥಾಪಿತವಾದದ್ದು 1964ರಲ್ಲಿ. ಅದರ ತಗಡುಳ್ಳ ಯಂತ್ರವನ್ನು ಅದಕ್ಕಿಂತ ಹಿಂದೆ ಯಾರೂ ಕಂಡಿರಲಾರರು. ಹೀಗೆ ತಗಡು, ಧ್ವನಿ, ಚರಿತ್ರೆ ಮೂರನ್ನೂ ಕೂಡಿಸಿ ನೋಡಿದರೆ, ಮನೆತನದ ಮಾತಿನಲ್ಲಿ ನಿಜವೆಷ್ಟು, ಬೆಳೆದ ಕಥೆಯೆಷ್ಟು ಎಂಬುದು ವಿಶದವಾಗುವುದು.

ಈ ಕೆಲಸಕ್ಕೆ ಹಣವು ಬೇಕಿಲ್ಲ; ಕಾಲವು ಮಾತ್ರ ಕಡಮೆಯಿದೆ. ಗುಜರಿಯವನು ಯಂತ್ರವನ್ನು ತೂಕಕ್ಕೆ ಕೊಳ್ಳುವಾಗ ತಗಡಿಗೆ ಬೆಲೆ ಕಟ್ಟುವುದಿಲ್ಲ. ನೆನಪುಳ್ಳ ಹಿರಿಯರೂ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಆದಕಾರಣ ಗ್ರಾಮದ ಮುಖಂಡರು ತಮ್ಮ ಎಲ್ಲೆಯೊಳಗೆ ಇಂಥ ಯಂತ್ರವಿದ್ದರೆ, ಅದು ಮಾರಾಟವಾಗುವುದಕ್ಕೆ ಮುಂಚೆ ತಗಡನ್ನು ಸುತ್ತಿಗೆಯಿಂದ ಬಡಿಯದೆ ಬಟ್ಟೆಯಿಂದ ಒರಸಿ, ಕಾಗದವನ್ನಿಟ್ಟು ಸೀಸದ ಕಡ್ಡಿಯಿಂದ ಉಜ್ಜಿ ನಂಬರನ್ನು ತೆಗೆದುಕೊಳ್ಳುವುದೂ, ಚಿತ್ರವನ್ನು ತೆಗೆಸುವುದೂ ಉಚಿತ. ಯಂತ್ರವಿಲ್ಲದಿದ್ದರೆ ಹಿರಿಯರ ಹೇಳಿಕೆಯನ್ನಾದರೂ, ಯಾವ ಸರ್ವೆ ನಂಬರಿನ ಹೊಲದಲ್ಲಿ ಯಾವ ಕಡೆಯಿಂದ ಯಾವ ಕಡೆಗೆ ಮಣ್ಣು ತಳ್ಳಿದರೆಂಬ ವಿವರದೊಡನೆ, ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಹಿಡುವಳಿದಾರರ ಮಕ್ಕಳು ಆ ಹೊಲಕ್ಕೆ ಗೊಬ್ಬರ ಹೊರುವ ದಿನ ಆ ಒಂದು ಹಾಳೆಯು ಅವರಿಗೆ ನೆರವಾಗುವುದು.